ಅಡಿಗೆಗೆ ತಕ್ಕ ಪಾತ್ರೆಗಳ ಆಯ್ಕೆ

(ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರು, ಎಲ್. ಎಜಿ., ಬರೆದದ್ದು)

ಬಿತ್ತನೆಯ ಬೀಜ, ಗೊಬ್ಬರ, ಬೆಳೆಯ ರೋಗಗಳು, ಧಾನ್ಯದ ಸಂಗ್ರಹ ಮುಂತಾದ ವಿಷಯಗಳು ಈ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಪ್ರಕಟವಾಗುತ್ತಿರುತ್ತವೆ. ಬೆಳೆದ ಧಾನ್ಯವು ಕಣದಿಂದ ಮನೆಗೆ ಬಂದ ಮೇಲೆ ಯಾವ ಪಾತ್ರೆಯಲ್ಲಿ ಬೇಯುತ್ತದೆಂಬುದು ವ್ಯವಸಾಯಕ್ಕೆ ಸಂಬಂಧಪಟ್ಟ ವಿಷಯವಲ್ಲವೆಂದು ಕೆಲವರು ಹೇಳಬಹುದು. ಆದರೆ ನಾಟಿ ಮತ್ತು ಕುಯಿಲಿನ ಕಾಲಗಳಲ್ಲಿ ಹತ್ತಾರು ಆಳುಗಳಿಗೆ ಒಂದೇ ಒಲೆಯ ಮೇಲೆ ಅಡಿಗೆ ಮಾಡಿಸತಕ್ಕವರೂ, ಊರ ಹಬ್ಬ ಜಾತ್ರೆಗಳಲ್ಲಿ ನೂರಾರು ಜನಕ್ಕೆ ಅನ್ನವಿಕ್ಕುವುದಕ್ಕೆ ಮುಂದಾಗತಕ್ಕವರೂ ಗ್ರಾಮದ ಯಜಮಾನರು ಮತ್ತು ಜಮೀನುದಾರರೇ ಆಗಿರುತ್ತಾರೆ. ಪಾತ್ರೆಯ ದೋಷದಿಂದ ಕೇಡುಂಟಾದರೆ ಅದು ಒಬ್ಬರಿಗಲ್ಲ, ಪಂಕ್ತಿಗೇ ಉಂಟಾಗುತ್ತದೆ. ಆದುದರಿಂದ ಈ ವಿಷಯವನ್ನು ಅವರ ಗಮನಕ್ಕೆ ತರುವುದು ಉಚಿತವೆಂದು ತೋರಿರುತ್ತದೆ.

ಕೆಲವು ವರ್ಷಗಳ ಕೆಳಗೆ ನಾನು ಭತ್ತದ ನಾಟಿಯನ್ನು ನೋಡುವುದಕ್ಕಾಗಿ ಒಂದು ಗ್ರಾಮಕ್ಕೆ ಹೋಗಿದ್ದೆನು. ಆ ದಿನ ಜಮೀನುದಾರರೊಬ್ಬರ ಗದ್ದೆಯಲ್ಲಿ ಮಧ್ಯಾಹ್ನದ ಊಟವಾದ ಅರ್ಧ ಗಂಟೆಯೊಳಗೆ ಆಳುಗಳಲ್ಲಿ ಅನೇಕರಿಗೆ ಹೊಟ್ಟೆ ತೊಳಸಿ ವಾಂತಿಯಾಗತೊಡಗಿತು. ಕೆಲವರು ಬಾವಿಯ ನೀರನ್ನು ದೂರಿದರು, ಕೆಲವರು ದೃಷ್ಟಿದೋಷವೆಂದರು. ಅನ್ನವನ್ನು ಮಾತ್ರ ಉಂಡ ಮಕ್ಕಳಿಗೆ ಏನೂ ಆಗಿರಲಿಲ್ಲ. ಮಜ್ಜಿಗೆಹುಳಿಯನ್ನು ಹಾಕಿಸಿಕೊಂಡವರಿಗೆ ಮಾತ್ರ ಹೀಗಾಗಿತ್ತು. ಹುಳಿಯನ್ನು ಕಾಯಿಸಿದ ಪಾತ್ರೆಯನ್ನು ತರಿಸಿ ನೋಡಲಾಗಿ, ಅದು ಆ ಮನೆಯ ಅಟ್ಟದ ಮೇಲೆ ಬಹುಕಾಲ ಕವುಚಿಟ್ಟಿದ್ದ ಹಿತ್ತಾಳೆಯ ದೊಡ್ಡ ಗುಂಡಿ. ಹೊರಗೆ ಹುಣಿಸೇಹಣ್ಣಿನಿಂದ ತಿಕ್ಕಿ ಚಿನ್ನದಂತೆ ಹೊಳೆಯಿಸಿದ್ದರು. ಒಳಗೆ ಕಲಾಯಿ ಪೂರ್ತಿಯಾಗಿ ಹೋಗಿ ಹಳದಿಯ ಲೋಹವು ಬಯಲಾಗಿದ್ದಿತು. ಕಂಠದ ಸುತ್ತಲೂ ಹಸುರು ಕಿಲುಬು ಕಾಣುತ್ತಿದ್ದಿತು. ಬೆಳಗ್ಗೆ ಮಾಡಿದ ಹುಳಿ ಮಧ್ಯಾಹ್ನದವರೆಗೂ ಅದರಲ್ಲಿಯೇ ಇದ್ದಿತು. ದೈವವಶಾತ್ ಮರುದಿನಕ್ಕೆ ಎಲ್ಲರೂ ಚೇತರಿಸಿಕೊಂಡರು. ಹಿರಿಯರ ಕಾಲದ ಪಾತ್ರೆ ಆರೋಗ್ಯಕ್ಕೆ ಒಳ್ಳೆಯದೆಂದು ಕೇಳಿ ಅದನ್ನು ಇಳಿಸಿದೆವೆಂದು ಮನೆಯವರು ಹೇಳಿದರು. ಹಿರಿಯರು ಅದಕ್ಕೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದರೆಂಬುದನ್ನು ಮಾತ್ರ ಅವರು ಮರೆತಿದ್ದರು.

ಮೂಲ ತತ್ವ

ಯಾವ ಲೋಹವೂ ಸರ್ವಥಾ ಒಳ್ಳೆಯದಲ್ಲ, ಸರ್ವಥಾ ಕೆಟ್ಟದ್ದೂ ಅಲ್ಲ. ಪಾತ್ರೆಯ ಪದಾರ್ಥವು ಆಹಾರದೊಳಗೆ ಬಿಡುವುದು ಮೂರು ಕಾರಣಗಳಿಂದ: ಒಂದನೆಯದು ಹುಳಿ ಅಥವಾ ಉಪ್ಪು, ಎರಡನೆಯದು ಕಾವು, ಮೂರನೆಯದು ಕಾಲ. ಹುಣಿಸೇಹಣ್ಣು, ನಿಂಬೆ, ಟೊಮೇಟೊ, ಮೊಸರು ಇವುಗಳಲ್ಲಿರುವ ಆಮ್ಲಗಳು ಲೋಹವನ್ನು ಕರಗಿಸುತ್ತವೆ. ಬೆಂಕಿಯು ಆ ಕೆಲಸವನ್ನು ತೀವ್ರಗೊಳಿಸುತ್ತದೆ. ಹೆಚ್ಚು ಹೊತ್ತು ಇಟ್ಟಷ್ಟೂ ಕರಗಿದ ಅಂಶವು ಹೆಚ್ಚುತ್ತದೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಹುಳಿಗಿಂತ ಎಣ್ಣೆ ಮತ್ತು ಕಾವುಗಳು ಮುಖ್ಯ. ಆದುದರಿಂದ ಪಾತ್ರೆಯನ್ನು ಆರಿಸುವಾಗ "ಇದು ಯಾವ ಲೋಹ?" ಎಂದು ಮಾತ್ರ ಕೇಳಿದರೆ ಸಾಲದು. "ಇದರಲ್ಲಿ ಏನನ್ನು ಹಾಕುತ್ತೇವೆ, ಎಷ್ಟು ಕಾಯಿಸುತ್ತೇವೆ, ಎಷ್ಟು ಹೊತ್ತು ಇಡುತ್ತೇವೆ?" ಎಂಬ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳತಕ್ಕದ್ದು.

ತಾಮ್ರ ಮತ್ತು ಹಿತ್ತಾಳೆ

ಹಿತ್ತಾಳೆಯು ತಾಮ್ರ ಮತ್ತು ಸತುವು ಸೇರಿದ ಮಿಶ್ರಲೋಹ. ಇವೆರಡೂ ಹುಳಿಯಲ್ಲಿ ಕರಗತಕ್ಕವು. ಕರಗಿದ ಲವಣಗಳು ಮಿತಿಮೀರಿದರೆ ವಾಂತಿಯನ್ನುಂಟುಮಾಡುತ್ತವೆ. ಮೇಲೆ ಹೇಳಿದ ಗ್ರಾಮದಲ್ಲಿ ನಡೆದದ್ದು ಇದೇ. ತಾಮ್ರದ ಬಿಂದಿಗೆಯಲ್ಲಿ ಕುಡಿಯುವ ನೀರನ್ನು ತುಂಬಿಡುವ ಪದ್ಧತಿಯಿಂದ ಸಾಧಾರಣವಾಗಿ ಬಾಧಕವಿಲ್ಲ. ಆದರೆ ದಿನಗಟ್ಟಲೆ ಇಟ್ಟ ನೀರನ್ನು ಕುಡಿಯಕೂಡದು, ಅದಕ್ಕೆ ನಿಂಬೆಯ ರಸವನ್ನು ಹಿಂಡಕೂಡದು, ಮಜ್ಜಿಗೆಯನ್ನು ಸುರಿಯಕೂಡದು. ಕುಡಿಯುವ ನೀರಿನಲ್ಲಿ ತಾಮ್ರವು ಲೀಟರಿಗೆ 2 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಗೊತ್ತುಮಾಡಿದ್ದಾರೆ.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದುಂಟು. ಆರು ತಿಂಗಳಿನಿಂದ ಸುಮಾರು ಐದು ವರ್ಷದೊಳಗಿನ ಮಕ್ಕಳಿಗೆ ಹೊಟ್ಟೆಯುಬ್ಬಿ, ಯಕೃತ್ತು ಗಟ್ಟಿಯಾಗಿ, ಕಾಮಾಲೆ ಕಾಣಿಸಿಕೊಂಡು, ಬಹುಮಟ್ಟಿಗೆ ಮರಣದಲ್ಲಿಯೇ ಮುಗಿಯುತ್ತಿದ್ದ ರೋಗವೊಂದು ಹಿಂದಿನ ಶತಮಾನದಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿತ್ತು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಇದಕ್ಕೆ ತುತ್ತಾಗುವುದೂ ಉಂಟಾಗಿತ್ತು. ವೈದ್ಯರು ಇದನ್ನು ಭಾರತೀಯ ಶಿಶುಗಳ ಯಕೃತ್ ರೋಗವೆಂದು ಕರೆದರು. ಈ ರೋಗದಿಂದ ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರವು ವಿಪರೀತವಾಗಿ ಸೇರಿದ್ದುದು ಕಂಡುಬಂದಿತು. ಪುಣೆಯ ಮಕ್ಕಳ ವೈದ್ಯರಾದ ಭಾವೆ, ಪಂಡಿತ್ ಮುಂತಾದವರೂ ಇಂಗ್ಲೆಂಡಿನ ಟ್ಯಾನರ್ ಎಂಬುವರೂ ಕೂಡಿ ವಿಚಾರಿಸಿ, ಎಳೆಯ ಮಕ್ಕಳಿಗೆ ಹಿತ್ತಾಳೆ ತಾಮ್ರಗಳ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ಹಸುವಿನ ಅಥವಾ ಎಮ್ಮೆಯ ಹಾಲನ್ನು ಬೇಗನೆ ಕುಡಿಸಲಾರಂಭಿಸಿದ್ದೇ ಇದರ ಕಾರಣವಾಗಿರಬಹುದೆಂದು 1983ರಲ್ಲಿ ಪ್ರಕಟಿಸಿದರು. ಹಾಲು ಹುಳಿಯಲ್ಲದಿದ್ದರೂ ಅದರ ಕೇಸಿನ್ ಎಂಬ ಪದಾರ್ಥವು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಹಾಲಿಗೆ ಹಿತ್ತಾಳೆಯ ಪಾತ್ರೆ ಹೋಗಿ ಉಕ್ಕಿನ ಪಾತ್ರೆ ಬಂದ ಮೇಲೆ ಈ ರೋಗವು ಬಹುಮಟ್ಟಿಗೆ ಕಾಣದಂತಾಗಿರುತ್ತದೆ.

ಹಿತ್ತಾಳೆಯ ಪಾತ್ರೆಗಳು ಇದ್ದದ್ದು ಕೂಲಿಯವರ ಗುಡಿಸಲಲ್ಲಲ್ಲ, ಹಸು ಎಮ್ಮೆಗಳೂ ಪಾತ್ರೆಗಳೂ ಇದ್ದ ಅನುಕೂಲಸ್ಥರ ಮನೆಗಳಲ್ಲಿ. ಈ ಲೇಖಕನ ಮನೆಯಲ್ಲಿಯೂ ಹಾಲು ಕಾಯಿಸುವ ಹಿತ್ತಾಳೆಯ ತಪ್ಪಲೆಯೊಂದಿದ್ದಿತು. ಇವನಿಗಿಂತ ಮೊದಲು ಹುಟ್ಟಿದ ಅಣ್ಣನು ಎರಡು ವರ್ಷ ತುಂಬುವುದರೊಳಗಾಗಿ ಹೊಟ್ಟೆಯುಬ್ಬರ ಬಂದು ತೀರಿಕೊಂಡನೆಂದು ತಾಯಿಯವರು ಹೇಳುತ್ತಿದ್ದರು. ಕಾರಣವನ್ನು ಈಗ ನಿಶ್ಚಯಿಸುವಂತಿಲ್ಲ. ಆದರೆ ಕಲಾಯಿಯಿಲ್ಲದ ಹಿತ್ತಾಳೆಯ ಅಥವಾ ತಾಮ್ರದ ಪಾತ್ರೆಯಲ್ಲಿ ಮಕ್ಕಳ ಹಾಲನ್ನು ಕಾಯಿಸುವುದಾಗಲಿ ಇಡುವುದಾಗಲಿ ಸರ್ವಥಾ ಕೂಡದೆಂದು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಕಲಾಯಿ

ಹಿತ್ತಾಳೆ ತಾಮ್ರಗಳನ್ನು ಅಡಿಗೆಗೆ ಉಪಯೋಗಿಸಲೇಬೇಕೆಂಬವರು ಒಳಗಡೆ ತವರದ ಕಲಾಯಿಯನ್ನು ಹಾಕಿಸತಕ್ಕದ್ದು. ಪಾತ್ರೆಯನ್ನು ಚೆನ್ನಾಗಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರದ ಕಡ್ಡಿಯನ್ನು ತಾಕಿಸಿ, ಕರಗಿದ ತವರವನ್ನು ಹತ್ತಿಯಿಂದ ಒಳಗೆಲ್ಲಾ ಸವರುವುದೇ ಕಲಾಯಿಯ ಕ್ರಮ. ಇದರಲ್ಲಿ ಗಮನಿಸತಕ್ಕ ಅಂಶಗಳು ಮೂರು.

ಮೊದಲನೆಯದಾಗಿ, ತವರವು 232 ಸೆಂಟಿಗ್ರೇಡ್ ಡಿಗ್ರಿಯಲ್ಲಿಯೇ ಕರಗುತ್ತದೆ. ನೀರಿರುವವರೆಗೆ ಪಾತ್ರೆಯ ಕಾವು 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ ಅನ್ನ, ಸಾರು, ಹುಳಿಗಳಿಗೆ ಬಾಧಕವಿಲ್ಲ. ಬರಿದಾದ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಕಲಾಯಿಯು ಕರಗಿ ಹರಿಯುತ್ತದೆ. ಕರಿಯುವ ಎಣ್ಣೆಯ ಕಾವು ಸಾಧಾರಣವಾಗಿ 170ರಿಂದ 190 ಡಿಗ್ರಿಯಿದ್ದು, ಸ್ವಲ್ಪ ಅಲಕ್ಷ್ಯವಾದರೆ ಇನ್ನೂ ಮೇಲೇರುವುದರಿಂದ ಕಲಾಯಿ ಹಾಕಿದ ಪಾತ್ರೆಯಲ್ಲಿ ಕರಿಯುವುದೂ ಹುರಿಯುವುದೂ ಕೂಡದು. ಕೆಲವು ಮನೆಗಳಲ್ಲಿ ಸಾರಿಗೆಂದು ಇಟ್ಟುಕೊಳ್ಳುವ ತವರದ ಚೊಂಬಿಗೂ ಇದೇ ನಿಯಮ. ಮೊದಲು ನೀರನ್ನು ಹಾಕಿ ಅನಂತರ ಒಲೆಯ ಮೇಲೆ ಇಡತಕ್ಕದ್ದು.

ಎರಡನೆಯದಾಗಿ, ಕಲಾಯಿಯು ಸವೆಯುವಂಥಾದ್ದು. ಒಳಗೆ ಎಲ್ಲಿಯಾದರೂ ಹಳದಿಯಾಗಲಿ ಕೆಂಪಾಗಲಿ ಕಂಡ ಕೂಡಲೇ ಹೊಸ ಕಲಾಯಿ ಹಾಕಿಸಬೇಕು. ಮರಳು, ಉಕ್ಕಿನ ನಾರು ಇವುಗಳಿಂದ ಒಳಗನ್ನು ತಿಕ್ಕಬಾರದು. ಮರದ ಸೌಟನ್ನು ಉಪಯೋಗಿಸುವುದು ಮೇಲು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಬೆಲೆಯನ್ನು ಇಳಿಸುವುದಕ್ಕಾಗಿ ತವರಕ್ಕೆ ಸೀಸವನ್ನು ಬೆರಸುವುದುಂಟು. ತಾಮ್ರವು ಹೆಚ್ಚಾದರೆ ವಾಂತಿಯಾಗಿ ತಾನೇ ತನ್ನನ್ನು ತಿಳಿಸುತ್ತದೆ. ಸೀಸವು ಹಾಗೆ ತಿಳಿಸುವುದಿಲ್ಲ. ಅದು ಸ್ವಲ್ಪಸ್ವಲ್ಪವಾಗಿ ಸೇರಿ ಎಲುಬಿನಲ್ಲಿ ನಿಂತು, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ಇಷ್ಟು ಸೀಸವಾದರೆ ಬಾಧಕವಿಲ್ಲವೆಂಬ ಮಿತಿಯೇ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಭಿಪ್ರಾಯ. ಆದುದರಿಂದ ಕಲಾಯಿಯವನನ್ನು ಮನೆಯ ಅಂಗಳಕ್ಕೆ ಕರೆಸಿ, ತವರದ ಕಡ್ಡಿಯನ್ನು ಮೊದಲು ನೋಡಬೇಕು. ಶುದ್ಧ ತವರದ ಕಡ್ಡಿಯು ಬೆಳ್ಳಿಯಂತೆ ಬಿಳುಪಾಗಿದ್ದು, ಬಗ್ಗಿಸಿದರೆ ಕಿರುಗುಟ್ಟುವ ಶಬ್ದ ಮಾಡುತ್ತದೆ. ಸೀಸ ಹೆಚ್ಚಾಗಿ ಬೆರೆತದ್ದು ಬೂದುಬಣ್ಣವಾಗಿದ್ದು, ಬಿಳಿಯ ಕಾಗದದ ಮೇಲೆ ಎಳೆದರೆ ಸೀಸದ ಕಡ್ಡಿಯಂತೆ ಕಪ್ಪು ಗೆರೆಯನ್ನು ಮೂಡಿಸುತ್ತದೆ. ಸಂದೇಹವಿದ್ದಲ್ಲಿ ಆ ತವರವನ್ನು ಬಿಟ್ಟು, ನಂಬಿಕೆಯುಳ್ಳ ಅಂಗಡಿಯಿಂದ ತವರವನ್ನು ತಾವೇ ತಂದು ಕೊಡುವುದು ಲೇಸು. ಒಡೆದ ಪಾತ್ರೆಗೆ ಬೆಸುಗೆ ಹಾಕಿಸಿದ್ದರೆ ಅದರಲ್ಲಿ ಸೀಸವಿರುವ ಸಂಭವವು ಹೆಚ್ಚು. ಅಂಥಾ ಪಾತ್ರೆಯನ್ನು ಅಡಿಗೆಗೆ ಉಪಯೋಗಿಸದೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಅಲ್ಯೂಮಿನಿಯಂ

ಹಗುರವೂ ಅಗ್ಗವೂ ಆದುದರಿಂದ ದೊಡ್ಡ ಅಡಿಗೆಗಳಿಗೆ ಈ ಲೋಹವೇ ಹೆಚ್ಚಾಗಿ ಬಳಕೆಯಲ್ಲಿದೆ. ಇದರ ಮೈಮೇಲೆ ತಾನಾಗಿ ಹುಟ್ಟುವ ತೆಳುವಾದ ಪೊರೆಯೊಂದು ಇದನ್ನು ಕಾಪಾಡುತ್ತದೆ. ಹುಳಿಯೂ ಸೋಡ, ಬೂದಿ ಮುಂತಾದ ಕ್ಷಾರಗಳೂ ಆ ಪೊರೆಯನ್ನು ತಿನ್ನುತ್ತವೆ. ಅನ್ನ, ಮುದ್ದೆ, ಬೇಳೆ, ಬಿಸಿನೀರು ಇವುಗಳಿಗೆ ಈ ಪಾತ್ರೆಯನ್ನು ಉಪಯೋಗಿಸಬಹುದು. ಹುಣಿಸೆಯ ಸಾರು, ಟೊಮೇಟೊ, ಮೊಸರು, ಉಪ್ಪಿನಕಾಯಿಗಳನ್ನು ಇದರಲ್ಲಿ ರಾತ್ರಿಯೆಲ್ಲಾ ಇಡಕೂಡದು. ಮೂತ್ರಪಿಂಡಗಳು ಸರಿಯಾಗಿರುವವರು ಆಹಾರದಲ್ಲಿ ಸೇರಿದ ಅಲ್ಪ ಅಲ್ಯೂಮಿನಿಯಮ್ಮನ್ನು ಹೊರಗೆ ಹಾಕುತ್ತಾರೆ. ಮೂತ್ರಪಿಂಡದ ರೋಗವುಳ್ಳವರು ವಿಶೇಷವಾಗಿ ಜಾಗರೂಕರಾಗಿರಬೇಕು.

ಅಲ್ಯೂಮಿನಿಯಮ್ಮಿಗಿಂತಲೂ ಅದರಲ್ಲಿ ಬೆರೆತಿರಬಹುದಾದ ಸೀಸವೇ ಹೆಚ್ಚು ಭಯಕ್ಕೆ ಕಾರಣವಾಗಿದೆ. ಹಳೆಯ ಎಂಜಿನ್ನಿನ ಭಾಗಗಳು ಮುಂತಾದ ಗುಜರಿಯನ್ನು ಕರಗಿಸಿ ಎರಕ ಹೊಯ್ದ ಪಾತ್ರೆಗಳಲ್ಲಿ ಸೀಸವು ಸೇರಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. 2025ರಲ್ಲಿ ಅಮೆರಿಕಾ ದೇಶದ ಆಹಾರ ಮತ್ತು ಔಷಧ ಇಲಾಖೆಯವರು ಹಿಂಡಾಲಿಯಂ ಮುಂತಾದ ಹೆಸರುಗಳಿಂದ ಕರೆಯುವ ಮಿಶ್ರಲೋಹಗಳ ಕೆಲವು ಆಮದು ಪಾತ್ರೆಗಳಿಂದ ಆಹಾರಕ್ಕೆ ಸೀಸವು ಬಿಡಬಹುದೆಂದು ಎಚ್ಚರಿಕೆ ಕೊಟ್ಟರು. ಸಂತೆಯಲ್ಲಿ ತೂಕದ ಮೇಲೆ ಮಾರುವ, ಗುರುತಿಲ್ಲದ ಎರಕದ ಬಾಣಲೆಯನ್ನು ಕೊಳ್ಳದಿರುವುದು ಒಳ್ಳೆಯದು. ಉಕ್ಕಿನ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐ.ಎಸ್.ಐ. ಗುರುತು ಇರಬೇಕೆಂದು ಕೇಂದ್ರ ಸರ್ಕಾರದವರು 2024ರ ಮಾರ್ಚಿ ತಿಂಗಳಲ್ಲಿ ಆಜ್ಞೆಯನ್ನು ಹೊರಡಿಸಿದರು. ಕೊಳ್ಳುವವರು ಆ ಗುರುತನ್ನು ನೋಡಿಯೇ ಕೊಳ್ಳತಕ್ಕದ್ದು.

ಉಕ್ಕು, ಕಬ್ಬಿಣ, ಕಲ್ಲು, ಮಣ್ಣು

ತುಕ್ಕು ಹಿಡಿಯದ ಉಕ್ಕೇ ಎಲ್ಲಾ ಬಗೆಯ ಅಡಿಗೆಗೂ ಹೆಚ್ಚಾಗಿ ಹೊಂದುವುದು. ನೂರಕ್ಕೆ 18 ಭಾಗ ಕ್ರೋಮಿಯಮ್ಮೂ 8 ಭಾಗ ನಿಕ್ಕಲೂ ಸೇರಿದ ಉಕ್ಕು ಉತ್ತಮವಾದದ್ದು. ಅಯಸ್ಕಾಂತಕ್ಕೆ ಅಂಟದಿದ್ದರೆ ಉತ್ತಮವೆಂದು ಜನರು ನಂಬುವುದುಂಟು. ಇದು ಪೂರ್ತಿಯಾಗಿ ನಿಜವಲ್ಲ. ನಿಕ್ಕಲಿಗೆ ಬದಲಾಗಿ ಹೆಚ್ಚಾಗಿ ಮ್ಯಾಂಗನೀಸನ್ನು ಸೇರಿಸಿದ ಕೀಳು ತರಗತಿಯ ಉಕ್ಕೂ ಅಂಟುವುದಿಲ್ಲ. ಉಕ್ಕಿನ ಪಾತ್ರೆಯಲ್ಲಿ ಹರಳುಪ್ಪನ್ನೂ ಉಪ್ಪಿನಕಾಯಿಯನ್ನೂ ತಿಂಗಳುಗಟ್ಟಲೆ ಇಟ್ಟರೆ ಸಣ್ಣ ಗುಳಿಗಳು ಬೀಳುತ್ತವೆ. ಅವುಗಳಿಗೆ ಗಾಜು ಅಥವಾ ಪಿಂಗಾಣಿಯ ಜಾಡಿಯೇ ಸರಿ.

ಕರಿಯುವುದಕ್ಕೂ ಹುರಿಯುವುದಕ್ಕೂ ರೊಟ್ಟಿ ದೋಸೆಗಳಿಗೂ ಕಬ್ಬಿಣದ ಬಾಣಲೆ ಕಾವಲಿಗಳಿಗೆ ಸಮಾನವಾದದ್ದಿಲ್ಲ. ಎಣ್ಣೆಯ ಕಾವು ಎಷ್ಟೇರಿದರೂ ಕಬ್ಬಿಣಕ್ಕೆ ಭಯವಿಲ್ಲ. ಬಿಡುವ ಕಬ್ಬಿಣದ ಅಂಶವು ಸಾಮಾನ್ಯರಿಗೆ ಕೇಡಲ್ಲ, ರಕ್ತಹೀನತೆಯುಳ್ಳವರಿಗೆ ಪ್ರಯೋಜನವೂ ಉಂಟು. ಹುಳಿಯನ್ನು ಹಾಕಿದರೆ ಪದಾರ್ಥವು ಕಪ್ಪಾಗುತ್ತದೆ, ಲೋಹದ ರುಚಿ ಬರುತ್ತದೆ. ಆಲೆಮನೆಯ ಕಬ್ಬಿಣದ ಕೊಪ್ಪರಿಗೆಯಲ್ಲಿ ಕಾಯಿಸಿದ ಬೆಲ್ಲದ ಬಣ್ಣವು ಕಪ್ಪಾಗುವುದಕ್ಕೂ ಇದು ಒಂದು ಕಾರಣ.

ಬಳಪದ ಕಲ್ಲಿನ ಪಾತ್ರೆಯು ಹುಳಿಗೆ ಜಗ್ಗುವುದಿಲ್ಲ, ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆದರೆ ಹೊಸದನ್ನು ಎಣ್ಣೆ ಗಂಜಿಗಳಿಂದ ಪಳಗಿಸದೆ ಏಕಾಏಕಿ ಉರಿಗೆ ಇಟ್ಟರೆ ಸೀಳುತ್ತದೆ. ಕುಂಬಾರರ ಸಾದಾ ಮಡಕೆಯು ನಿರಪಾಯವಾದದ್ದು. ಹೊಳಪಿನ ಬಣ್ಣದ ಲೇಪವಿರುವ ಅಗ್ಗದ ಮಣ್ಣಿನ ಪಾತ್ರೆಗಳ ಲೇಪದಲ್ಲಿ ಸೀಸವಿರಬಹುದಾದ್ದರಿಂದ ಅವುಗಳಲ್ಲಿ ಹುಳಿಯನ್ನು ಕಾಯಿಸಕೂಡದು. ಎಣ್ಣೆಯಿಲ್ಲದೆ ದೋಸೆ ಏಳುವ ಕರಿಯ ಲೇಪದ ಕಾವಲಿಗಳು ಸುಮಾರು 260 ಡಿಗ್ರಿಯ ಮೇಲೆ ಕೆಡಲಾರಂಭಿಸುವುದರಿಂದ ಅವುಗಳನ್ನು ಬರಿದಾಗಿ ಕಾಯಿಸಬಾರದು. ಲೇಪವು ಕಿತ್ತಮೇಲೆ ಬಿಡಬೇಕು.

ಸತುವಿನ ನೀರು ಕುಡಿಸಿದ ತಗಡಿನ ಬಕೀಟು ಪೀಪಾಯಿಗಳು ನೀರು ಸೇದುವುದಕ್ಕೆ ಮಾತ್ರ. ರಾಮನವಮಿಯ ಪಾನಕವನ್ನೂ ಬೇಸಗೆಯ ನೀರುಮಜ್ಜಿಗೆಯನ್ನೂ ಇಂಥಾ ಪೀಪಾಯಿಗಳಲ್ಲಿ ಕಲಸುವುದನ್ನು ನೋಡಿದ್ದೇನೆ. ನಿಂಬೆ ಮತ್ತು ಮಜ್ಜಿಗೆಯ ಹುಳಿಗೆ ಸತುವು ಕರಗಿ, ಪುಣ್ಯಕ್ಕೆಂದು ಕೊಟ್ಟದ್ದು ವಾಂತಿಗೆ ಕಾರಣವಾಗುತ್ತದೆ.

ಪ್ಲಾಸ್ಟಿಕ್ ಮತ್ತು ಕಾಗದ

ಪ್ಲಾಸ್ಟಿಕ್ಕುಗಳಲ್ಲಿ ಹಲವು ಜಾತಿಗಳುಂಟು. ನೀರಿನ ಸೀಸೆಯ ಪ್ಲಾಸ್ಟಿಕ್ಕು ಸುಮಾರು 70, 80 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ತೆಳುವಾದ ಚೀಲಗಳ ಪ್ಲಾಸ್ಟಿಕ್ಕು ಕುದಿಯುವ ನೀರಿನ ಕಾವಿಗಿಂತ ಸ್ವಲ್ಪ ಮೇಲೆ ಕರಗಿಯೇ ಹೋಗುತ್ತದೆ. ಕುದಿಯುವ ಸಾರನ್ನು ಚೀಲದಲ್ಲಿ ಕಟ್ಟುವುದೂ, ಕಾದ ಎಣ್ಣೆಯಿಂದ ತೆಗೆದ ಬೋಂಡವನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕುವುದೂ ಎಷ್ಟು ಅಪಾಯಕರವೆಂಬುದನ್ನು ಇದರಿಂದಲೇ ಊಹಿಸಬಹುದು. ಇಡ್ಲಿಯನ್ನು ಬೇಯಿಸುವಾಗ ಬಟ್ಟೆಗೆ ಬದಲಾಗಿ ಪ್ಲಾಸ್ಟಿಕ್ ಹಾಳೆಯನ್ನು ಹಾಸುತ್ತಿದ್ದುದು ಪರೀಕ್ಷೆಯಲ್ಲಿ ಕೇಡೆಂದು ಕಂಡುಬಂದುದರಿಂದ, ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯವರು 2025ರ ಫೆಬ್ರವರಿಯಲ್ಲಿ ಅದನ್ನು ನಿಷೇಧಿಸುವುದಾಗಿ ತಿಳಿಸಿದರು. ಕಾಗದದ ಲೋಟಗಳೂ ಒಳಗೆ ಪ್ಲಾಸ್ಟಿಕ್ಕಿನ ಪೊರೆಯುಳ್ಳವೇ. ಅಂಥಾ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಕಣಗಳು ಬಿಡುತ್ತವೆಂದು ಖರಗ್‌ಪುರದ ಐ.ಐ.ಟಿ. ವಿದ್ವಾಂಸರು 2020ರಲ್ಲಿ ಕಂಡುಹಿಡಿದರು. ವೃತ್ತಪತ್ರಿಕೆಯ ಕಾಗದದಲ್ಲಿ ತಿಂಡಿಯನ್ನು ಕಟ್ಟುವುದನ್ನು 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಬಾಳೆಯ ಎಲೆಯೂ ಮುತ್ತುಗದ ಎಲೆಯೂ ನಮ್ಮ ಹಿತ್ತಲಲ್ಲಿಯೂ ಕಾಡಿನಲ್ಲಿಯೂ ಇರುವಾಗ ಪಂಕ್ತಿಗೆ ಬೇರೆ ತಟ್ಟೆಯನ್ನು ಹುಡುಕುವುದು ಅನಾವಶ್ಯಕ.

ಕ್ರಿಮಿನಾಶಕಗಳ ಡಬ್ಬಗಳು

ಇದು ವ್ಯವಸಾಯಗಾರರಿಗೇ ವಿಶೇಷವಾಗಿ ಸಂಬಂಧಿಸಿದ ಅಪಾಯ. 2013ರ ಜುಲೈ 16ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳ ಪೈಕಿ 23 ಮಂದಿ ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕ್ರಿಮಿನಾಶಕವಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಆ ವಿಷವಿದ್ದ ಡಬ್ಬದಲ್ಲಿ ಎಣ್ಣೆಯನ್ನು ಇಟ್ಟದ್ದೇ ಇದಕ್ಕೆ ಕಾರಣವೆಂದು ಅಧಿಕಾರಿಗಳು ತಿಳಿಸಿದರು. ಕಾಯಿಸಿದರೆ ವಿಷವು ಹೋಗುತ್ತದೆಂಬುದು ಶುದ್ಧ ತಪ್ಪು. ಆ ಎಣ್ಣೆಯೂ ಒಲೆಯ ಮೇಲೆ ಕಾದಿದ್ದುದೇ. ಎಷ್ಟು ಸಲ ತೊಳೆದರೂ ಇಂಥಾ ಡಬ್ಬವನ್ನು ಎಣ್ಣೆಗಾಗಲಿ ನೀರಿಗಾಗಲಿ ಬಿತ್ತನೆಯವರ ಬುತ್ತಿಗಾಗಲಿ ಉಪಯೋಗಿಸಕೂಡದು. ಬರಿದಾದ ಕೂಡಲೇ ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣೆಯ ತೊಟ್ಟಿಗೇ ಸುರಿದು, ಡಬ್ಬಕ್ಕೆ ತೂತು ಮಾಡಿ ಕೆಡಿಸಿಬಿಡತಕ್ಕದ್ದು. ಔಷಧವನ್ನು ಕಲಸಿದ ಬಕೀಟು ಸೌಟುಗಳು ಎಂದಿಗೂ ಅಡಿಗೆಯ ಮನೆಯ ಹೊಸ್ತಿಲನ್ನು ದಾಟಬಾರದು.

ಗ್ರಾಮದ ಹಿರಿಯರು ಮಾಡಬಹುದಾದ ಕೆಲಸ

ಕಲಾಯಿ ಸರಿಯಾಗಿಲ್ಲದ ತಾಮ್ರ ಹಿತ್ತಾಳೆಗಳಲ್ಲಿಯೂ, ತುಕ್ಕು ಹಿಡಿದ ಪಾತ್ರೆಗಳಲ್ಲಿಯೂ, ಚಕ್ಕೆಯೆದ್ದು ತುಕ್ಕು ಬಂದ ಎನಾಮಲ್ ಪಾತ್ರೆಗಳಲ್ಲಿಯೂ ತಯಾರಿಸಿದ ಆಹಾರವು ಮಾರಾಟಕ್ಕೆ ಯೋಗ್ಯವಲ್ಲವೆಂದು 1955ರ ಆಹಾರ ಕಲಬೆರಕೆ ನಿಷೇಧ ನಿಯಮಗಳಲ್ಲಿಯೇ ಹೇಳಿದ್ದಿತು. 2011ರ ನಿಯಮಗಳಲ್ಲಿಯೂ ಅದನ್ನು ಉಳಿಸಿಕೊಂಡರು. ಮಾರುವ ಅಂಗಡಿಗೆ ಹಾಕಿದ ಈ ಕಟ್ಟನ್ನು ನಾವು ನಮ್ಮ ಒಲೆಗೂ ಹಾಕಿಕೊಳ್ಳುವುದು ನ್ಯಾಯ. ಗ್ರಾಮದ ಯಜಮಾನರೂ ಜಮೀನುದಾರರೂ ಈ ಕೆಳಗಿನ ಏರ್ಪಾಡುಗಳನ್ನು ಮಾಡಬಹುದು:—

(1) ದೇವಸ್ಥಾನ, ಸಮುದಾಯ ಭವನಗಳ ದೊಡ್ಡ ಪಾತ್ರೆಗಳನ್ನು ಹಬ್ಬಕ್ಕೆ ಹದಿನೈದು ದಿನ ಮುಂಚೆ ಇಳಿಸಿ, ಒಳಮೈಯನ್ನು ಹಗಲು ಬೆಳಕಿನಲ್ಲಿ ನೋಡಿ, ಬೇಕಾದವುಗಳಿಗೆ ಕಲಾಯಿ ಹಾಕಿಸುವುದು.

(2) ಕಲಾಯಿಯವರು ಈಗ ವಿರಳವಾಗಿರುವುದರಿಂದ ನಾಲ್ಕಾರು ಗ್ರಾಮದವರು ಕೂಡಿ ವರ್ಷಕ್ಕೊಮ್ಮೆ ಗೊತ್ತಾದ ದಿನದಲ್ಲಿ ಒಬ್ಬನನ್ನು ಕರೆಸುವುದು. ತವರವನ್ನು ತಾವೇ ಕೊಡುವುದು.

(3) ಹುಳಿ, ಸಾರು, ಮಜ್ಜಿಗೆ, ಪಾನಕಗಳಿಗೆ ಉಕ್ಕಿನ ಪಾತ್ರೆಗಳನ್ನೇ ಪ್ರತ್ಯೇಕವಾಗಿ ಇಡುವುದು. ಎಲ್ಲವನ್ನೂ ಬದಲಾಯಿಸಲು ಹಣ ಸಾಲದಿದ್ದರೆ ಮೊದಲು ಇವುಗಳನ್ನು ಬದಲಾಯಿಸುವುದು.

(4) ಎಳೆಯ ಮಕ್ಕಳಿರುವ ಮನೆಗಳಲ್ಲಿ ಹಾಲಿಗೆ ಉಕ್ಕಿನ ಪಾತ್ರೆಯಿದೆಯೇ ಎಂದು ವಿಚಾರಿಸುವುದು.

(5) ಊಟವಾದ ಮೇಲೆ ಹಲವರಿಗೆ ವಾಂತಿಯಾದರೆ ಆ ಪದಾರ್ಥವನ್ನು ಕೂಡಲೇ ನಿಲ್ಲಿಸಿ, ಸ್ವಲ್ಪವನ್ನು ಪರೀಕ್ಷೆಗಾಗಿ ಇಟ್ಟು, ರೋಗಿಗಳನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸುವುದು. ಕ್ರಿಮಿನಾಶಕದ ಸಂದೇಹವಿದ್ದರೆ ಆ ಡಬ್ಬದ ಚೀಟಿಯನ್ನೂ ಜೊತೆಯಲ್ಲಿ ಕಳುಹಿಸುವುದು.

ಮೊದಲು ಹೇಳಿದ ಜಮೀನುದಾರರು ಮಾರನೆಯ ವರ್ಷದ ನಾಟಿಗೆ ಮುಂಚೆ ಆ ಗುಂಡಿಗೆ ಕಲಾಯಿ ಹಾಕಿಸಿ ಅನ್ನಕ್ಕೆ ಇಟ್ಟುಕೊಂಡು, ಹುಳಿಗೆಂದು ಉಕ್ಕಿನ ಕೊಳಗವೊಂದನ್ನು ತಂದಿದ್ದರು. ಅವರು ಹಿರಿಯರ ಪಾತ್ರೆಯನ್ನು ಬಿಡಲಿಲ್ಲ. ಹಿರಿಯರ ಎಚ್ಚರವನ್ನು ಅದರೊಡನೆ ಮತ್ತೆ ಕೂಡಿಸಿಕೊಂಡರು. ಉಳಿದ ಗ್ರಾಮಗಳವರೂ ಪಂಕ್ತಿಯಲ್ಲಿ ಕೂತವರು ಕಾಯಿಲೆ ಬೀಳುವವರೆಗೆ ಕಾಯದೆ, ಈ ಬೇಸಗೆಯ ಬಿಡುವಿನಲ್ಲಿಯೇ ತಮ್ಮ ಅಟ್ಟದ ಪಾತ್ರೆಗಳನ್ನು ಇಳಿಸಿ ಒಳಗನ್ನು ಒಮ್ಮೆ ನೋಡಬೇಕೆಂದು ಪ್ರಾರ್ಥಿಸಲಾಗಿದೆ.